ಯೂರಲಿನ್ ಹಾಕಿದ ತಾರೀಖು

ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಗಡಿಯಾರ ನೋಡಿಕೊಂಡೇ ಬದುಕಿದವನು ನಾನು. ಎರಡು ನಿಮಿಷ ತಡವಾಗಿ ಬಸ್ಸು ಬಿಟ್ಟ ಡ್ರೈವರನ್ನು ಪ್ರಯಾಣಿಕರ ಮುಂದೆಯೇ ಉಗಿದವನು. ಹಾಗಾಗಿ ನಿವೃತ್ತಿಯಾದ ಮೇಲೆ ನಮ್ಮ ಪಾಮರ್ಸ್ ಕೋವ್ ಊರಿನ, ಭಾಷಣ ಮಾಡುವುದನ್ನು ಕಲಿಸುವ ಮಾತುಗಾರರ ಸಂಘಕ್ಕೆ ಸೇರಿದಾಗ, ಅಧ್ಯಕ್ಷೆ ಬ್ಯಾಸ್ಕಮ್ ಟೀಚರು ನನ್ನನ್ನು ಒಂದು ಮಾತೂ ಕೇಳದೆ ದೀಪದ ಹಲಗೆಯ ಹಿಂದೆ ಕೂರಿಸಿಬಿಟ್ಟರು. ಭಾಷಣ ಶುರುವಾದ ಐದು ನಿಮಿಷಕ್ಕೆ ಹಸಿರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ಕೆಂಪು ಹತ್ತಿದ ಮೇಲೂ ಬಾಯಿ ಮುಚ್ಚದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಡಾರ್ನ್ಲಿ ಹಿಂಡ್ಸನ, ಅಂದರೆ ನನ್ನ, ಕೆಂಪು ದೀಪ ಪಾದ್ರಿಗಳನ್ನೂ ಬಿಟ್ಟಿಲ್ಲ ಎಂದು ಊರಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅದು ನಿಜ.

ಆದರೆ ಹೇಳಹೊರಟಿದ್ದು ನನ್ನ ಕತೆಯಲ್ಲ, ಯೂರಲಿನ್ ಗಿಟನ್ಸಳದು. ಮೀನು ಮಾರುಕಟ್ಟೆಯಲ್ಲಿ ಹಾರುಮೀನಿನ ಮುಳ್ಳು ತೆಗೆಯುವುದು ಅವಳ ಕಸುಬು. ನೀವು ಚೀಲ ಬಿಚ್ಚುವಷ್ಟರಲ್ಲಿ ಅವಳ ಚಾಕು ಮೂರು ಮೀನು ಮುಗಿಸಿರುತ್ತದೆ. ಜಗಳಕ್ಕೆ ನಿಂತರೆ ಒಂದೇ ಉಸಿರಿನಲ್ಲಿ ನಾಲ್ಕು ಜನರ ಬಾಯಿ ಮುಚ್ಚಿಸುವ ಹೆಂಗಸು. ಅದೇ ಹೆಂಗಸನ್ನು, ಸುಮ್ಮನೆ ಕೂತು ಕೇಳುವ ಜನರ ಮುಂದೆ ನಿಲ್ಲಿಸಿ ನೋಡಿ, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಇದು ಊರಿಗೆಲ್ಲ ಗೊತ್ತಾದದ್ದು ಅವಳ ತಾಯಿ ಅಯಾಂತಿ ತೀರಿಕೊಂಡಾಗ. ಸತ್ತವರ ಮನೆಯವರು ಒಬ್ಬರು ಚರ್ಚಿನಲ್ಲಿ ಎದ್ದು ನಿಂತು, ಹೋದವರ ಬಾಳನ್ನು ಹುಟ್ಟಿನಿಂದ ಕೊನೆಯವರೆಗೆ ಹೇಳಲೇಬೇಕು. ಹೇಳದಿದ್ದರೆ ಆ ಮನೆಯಲ್ಲಿ ಏನೋ ಇತ್ತು ಎಂದು ಮೂರು ತಲೆಮಾರು ಪಿಸುಗುಟ್ಟುತ್ತದೆ ಈ ಊರು. ಅಯಾಂತಿಗೆ ಇದ್ದವಳು ಒಬ್ಬಳೇ ಮಗಳು. ಹಾಡು ಮುಗಿಯಿತು, ಯೂರಲಿನ್ ಕೈಯಲ್ಲಿ ಹಾಳೆ ಹಿಡಿದು ಮುಂದೆ ಬಂದಳು. ನಾನು ಮೂರನೆಯ ಬೆಂಚಿನಲ್ಲಿದ್ದೆ. ತುಟಿ ಅಲುಗುತ್ತಿತ್ತು, ಸದ್ದು ಮಾತ್ರ ಇಲ್ಲ. ಹಾಳು ಅಭ್ಯಾಸ, ನಾನು ಗಡಿಯಾರ ನೋಡಿದೆ. ಪೂರ್ತಿ ನಾಲ್ಕು ನಿಮಿಷ ಹಾಗೇ ನಿಂತಿದ್ದಳು. ಆಮೇಲೆ ಪಕ್ಕದ ಬಾಗಿಲಿನಿಂದ ಓಡಿಹೋದಳು.

ಸಮಾಧಿಯ ಹತ್ತಿರ ಅವಳ ಅಪ್ಪ ಎಥೆಲ್ಬರ್ಟ್ ಊರೆಲ್ಲ ಕೇಳುವಂತೆ ಹೇಳಿದ: "ಒಂದು ಮಾತೂ ಇಲ್ದೆ ಕಳಿಸಿದೆ ನಿನ್ನಮ್ಮನ್ನ. ಇನ್ಮೇಲೆ ನನ್ನ ಹೊಸಿಲು ತುಳೀಬೇಡ."

ಆಡಿದ್ದನ್ನು ಮಾಡಿ ತೋರಿಸುವ ಮನುಷ್ಯ ಅವನು. ದೋಣಿಯ ಮುಖ್ಯಸ್ಥನಾಗಿದ್ದವನು, ಅದಕ್ಕೇ ಊರಿಗೆಲ್ಲ ಸ್ಕಿಪ್ಪರ್. ಎರಡು ಓಣಿ ಆಚೆಗೆ ಇದ್ದ ಮಗಳ ಜೊತೆ ಮಾತು ಬಿಟ್ಟ. ಅವಳು ಎದುರು ಬಂದರೆ ರಸ್ತೆ ದಾಟಿ ಆ ಕಡೆ ಹೋಗುತ್ತಿದ್ದ. ವರ್ಷಗಳು ಕಳೆದವು. ಕೊನೆಗೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ, ಬೇರೆ ಯಾರಿದ್ದಾರೆ, ಯೂರಲಿನ್ನೇ ದಿನಾ ಮಧ್ಯಾಹ್ನ ಊಟದ ಡಬ್ಬಿ ಒಯ್ಯತೊಡಗಿದಳು. ಮುದುಕ ಬಾಗಿಲು ತೆರೆಯುತ್ತಿದ್ದ, ಡಬ್ಬಿ ತೆಗೆದುಕೊಳ್ಳುತ್ತಿದ್ದ. ಒಂದು ವರ್ಷ ಕಳೆದ ಮೇಲೆ ಒಮ್ಮೆ "ಉಪ್ಪು ಜಾಸ್ತಿ" ಅಂದನಂತೆ. ಮಾರುಕಟ್ಟೆಯಲ್ಲಿ ಅವಳು ಅದನ್ನು ಹಬ್ಬದ ಸುದ್ದಿಯಂತೆ ಹೇಳಿಕೊಂಡಳು.

ಇದಾಗಿ ಎರಡು ವರ್ಷಕ್ಕೆ, ಜನವರಿಯ ಮೊದಲ ಮಂಗಳವಾರ, ಸಂಜೆ ಐದೂವರೆಗೆ ಯೂರಲಿನ್ ನಮ್ಮ ಸಂಘದ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಇನ್ನೂ ನಿಂಬೆಹಣ್ಣಿನ ವಾಸನೆ, ಮೀನಿನ ವಾಸನೆ ಹೋಗಲಿ ಎಂದು ಉಜ್ಜಿಕೊಂಡದ್ದು.

ಜನವರಿಯ ಮೊದಲ ಸಭೆಯಲ್ಲಿ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಆ ವರ್ಷದ ಗುರಿ ಬರೆಯಬೇಕು, ಕೆಳಗೆ ತಾರೀಖು ಹಾಕಬೇಕು. ಟೀಚರು ಎಲ್ಲವನ್ನೂ ಗಟ್ಟಿಯಾಗಿ ಓದಿ ಗೋಡೆಗೆ ಮೊಳೆ ಹೊಡೆಯುತ್ತಾರೆ. ಗುರಿ ಮುಟ್ಟುವ ತನಕ ಅದನ್ನು ಕೀಳುವಂತಿಲ್ಲ. ಯೂರಲಿನ್ ತಾರೀಖಿನ ಜಾಗ ಖಾಲಿ ಬಿಟ್ಟು ಚೀಟಿ ಚಾಚಿದಳು. ಟೀಚರು ಮೇಲೆ ಬರೆದದ್ದನ್ನು ಓದದೆ ಬರೀ ಖಾಲಿ ಜಾಗ ನೋಡಿದರು.

"ತಾರೀಖೆಲ್ಲಿ, ಯೂರಲಿನ್?"

"ಟೀಚರ್, ಅದಕ್ಕೆ ತಾರೀಖು ಹಾಕೋಕಾಗಲ್ಲ."

"ನಲವತ್ತು ವರ್ಷ ಮಕ್ಕಳ ಬಾಯಲ್ಲಿ ಇದೇ ಕೇಳಿದೀನಿ. ತಾರೀಖಿಲ್ಲದ ಗುರಿ ವಿಳಾಸ ಇಲ್ಲದ ಕಾಗದ. ಹಾಕಮ್ಮ."

"ಅದು ನನ್ನ ಕೈಯಲ್ಲಿಲ್ಲ, ಟೀಚರ್."

"ಯಾರ ಕೈಯಲ್ಲೂ ಇರಲ್ಲ. ಅಂದಾಜಿಗೆ ಒಂದು ಹಾಕು!"

ಬ್ಯಾಸ್ಕಮ್ ಟೀಚರ ಮುಂದೆ ನಿಂತು ಇಲ್ಲ ಅಂದವರು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಯೂರಲಿನ್ ಪೆನ್ನು ಕಚ್ಚಿದಳು, ಗೀಚಿದಳು, ಕೊಟ್ಟಳು. ಟೀಚರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ನನ್ನ ಗುರಿ. ನನ್ನ ಅಪ್ಪ ಎಥೆಲ್ಬರ್ಟ್ ಗಿಟನ್ಸರ ಶವದ ಮುಂದೆ ಚರ್ಚಿನಲ್ಲಿ ನಿಂತು ಕೊನೆಯವರೆಗೂ ಮಾತಾಡುವುದು. ತಾರೀಖು, ಜೂನ್ ಮೂವತ್ತು."

ಓದಿ ಮುಗಿದ ಮೇಲೆ ಟೀಚರ ಮುಖ ನೋಡಬೇಕಿತ್ತು. ಹದಿನಾರು ಜನ ಒಬ್ಬರನ್ನೊಬ್ಬರು ನೋಡಿಕೊಂಡೆವು. ಮೊದಲು ನಕ್ಕವನು ಸೆಲ್ವಿನ್. ಟ್ಯಾಕ್ಸಿ ಓಡಿಸುವವನು, ಬಾಯಿಗೆ ಬಾಗಿಲೇ ಇಲ್ಲದವನು. ಸಂಘದಲ್ಲಿ ಅವನ ಕೆಲಸ, ಭಾಷಣಕಾರರು 'ಆಂ... ಊಂ...' ಎಂದಾಗಲೆಲ್ಲ ಚಮಚದಿಂದ ಲೋಟಕ್ಕೆ ಟಣ್ ಎಂದು ಬಾರಿಸುವುದು. ಟೀಚರು ಆ ಚೀಟಿಯನ್ನು ಮೇಜಿನ ಖಾನೆಯಲ್ಲಿ ಬಚ್ಚಿಟ್ಟಿದ್ದರೆ ಆಗುತ್ತಿತ್ತು. ಆದರೆ ನಿಯಮ ನಿಯಮವೇ. ಮೊಳೆ ಹೊಡೆದರು.

ಸೆಲ್ವಿನ್ ಅಲ್ಲಿಂದ ನೆಟ್ಟಗೆ ಮಾರ್ವಾಳ ರಮ್ ಅಂಗಡಿಗೆ ಹೋದ. ಹಿಂದೆಯೇ ನಾನೂ ಹೋದೆ, ಸುಳ್ಳು ಯಾಕೆ ಹೇಳಲಿ.

"ಜೂನ್ ಮೂವತ್ತಂತೆ ಕಣ್ರಯ್ಯಾ! ಸ್ಕಿಪ್ಪರಿಗೆ ಮಗಳೇ ದಿನ ಗೊತ್ತು ಮಾಡಿದಾಳೆ."

"ಯಾವ ವಾರ ಬರುತ್ತೆ ನೋಡು ಮಾರಾಯ, ರಜಾ ಹಾಕ್ಬೇಕಲ್ಲ."

"ಸ್ಕಿಪ್ಪರಿಗೆ ಗೊತ್ತಾ ಇಲ್ವಾ? ಕೋಟು ಇಸ್ತ್ರಿ ಮಾಡಿಸ್ಕೋಬೇಕು ಪಾಪ."

ಡೊಮಿನೋ ಆಡುವ ಮೇಜು ನಗುವಿಗೆ ಅಲುಗಾಡಿತು. ಆಗ ಮೂಲೆಯಲ್ಲಿ ಕೂತಿದ್ದ ಯಾರೋ ನಿಧಾನವಾಗಿ ಕೇಳಿದರು: "ಅಲ್ಲ, ದಿನಾ ಅವನಿಗೆ ಊಟ ಒಯ್ಯೋಳು ಅವಳೇ ತಾನೇ?"

ನಗು ಅಲ್ಲಿಗೇ ನಿಂತಿತು. ಆ ಒಂದು ಮಾತು ಬೆಳಗಾಗುವಷ್ಟರಲ್ಲಿ ಊರನ್ನೆಲ್ಲ ಸುತ್ತಿ ಬಂತು. ಊರ ಬಾಯಿಗೆ ಬೀಗ ಹಾಕುವವರು ಯಾರು? ಮಾರುಕಟ್ಟೆಯಲ್ಲಿ ಯೂರಲಿನ್ನಳ ಹಲಗೆಯ ಮುಂದೆ ಜನ ಕಮ್ಮಿಯಾದರು. ಅವಳು ಮುಳ್ಳು ತೆಗೆದ ಮೀನನ್ನು ಒಬ್ಬಳು ಮೂಸಿ ನೋಡಿ ವಾಪಸ್ಸು ಇಟ್ಟಳು. ಬುಧವಾರ ಮಧ್ಯಾಹ್ನ ಅಪ್ಪನ ಮನೆಗೆ ಒಯ್ದ ಡಬ್ಬಿ, ಮೆಕ್ಕೆಜೋಳದ ಹಿಟ್ಟು ಬೆಂಡೆಕಾಯಿಯ ಬಿಸಿ ಮುದ್ದೆ, ಮೇಲೆ ಮೀನಿನ ಸಾರು, ಸಂಜೆ ಹಾಗೇ ಮೆಟ್ಟಿಲ ಮೇಲಿತ್ತು. ಗುರುವಾರವೂ ಹಾಗೇ. ಶುಕ್ರವಾರವೂ ಹಾಗೇ. ಬಾಗಿಲು ಹಾಕಿತ್ತು. ಪಕ್ಕದ ಮನೆಯವರು ಕೊಟ್ಟ ಬಿಸ್ಕತ್ತು ತಿಂದುಕೊಂಡು ಮುದುಕ ಒಳಗೆ ಕೂತಿದ್ದ.

ಶನಿವಾರ ಬೆಳಗ್ಗೆ ಅವಳು ನನ್ನ ಮನೆಗೆ ಬಂದಳು. ಕಣ್ಣು ಊದಿತ್ತು.

"ಮಿಸ್ಟರ್ ಹಿಂಡ್ಸ್, ಸಂಘದ ಹಾಲ್‌ನ ಬೀಗದ ಕೈ ನಿಮ್ಮ ಹತ್ರ ಇದೆ. ಆ ಚೀಟಿ ಕಿತ್ತು ಹಾಕಿ."

"ಕಿತ್ತರೆ? ಸಿಕ್ಕಿಬಿದ್ಳು, ಅದಕ್ಕೇ ಕಿತ್ತಳು ಅಂತಾರೆ."

"ನಾನು ಅಪ್ಪ ಸಾಯಲಿ ಅಂತ ಬರೆದ್ನಾ? ನೀವೇ ಹೇಳಿ! ಅಮ್ಮನ ಕೊನೆ ಆಸೆ ಅದು, ಅವಳ ಬಾಳಿನ ಕತೆ ನಾನೇ ಓದ್ಬೇಕು ಅನ್ನೋದು. ಚರ್ಚಿನ ಬಾಗಿಲಲ್ಲಿ ಅಪ್ಪ ಹಾಳೆ ಕೈಗೆ ಕೊಟ್ಟು ಹೇಳಿದ್ರು, 'ನಿನ್ನಮ್ಮ ಸಾಯೋ ಮುಂಚೆ ನಿನ್ನ ಹೆಸರೇ ಹೇಳಿದ್ಲು' ಅಂತ. ಅದನ್ನೂ ನಡೆಸಿಕೊಡದ ಪಾಪಿ ನಾನು. ಅಪ್ಪನ್ನೂ ಹಂಗೇ ಮೂಗಿ ಥರ ನಿಂತು ಕಳಿಸಿಬಿಟ್ರೆ ನಾನು ಮನುಷ್ಯಳಾ?"

ಮರುಕ ಬಂದಾಗಲೆಲ್ಲ ನನಗೆ ಸಿಟ್ಟೂ ಬರುತ್ತದೆ. "ಹಾಗಾದ್ರೆ ಇಲ್ಲಿ ಅಳ್ತಾ ಕೂತ್ಕೋಬೇಡ. ಮಂಗಳವಾರ ಬಾ. ಐದೂವರೆ ಅಂದ್ರೆ ಐದೂವರೆ," ಎಂದು ಗದರಿ ಕಳಿಸಿದೆ.

ಬಂದಳು. ಮೊದಲನೇ ಭಾಷಣ ಒಂದೂವರೆ ನಿಮಿಷ, ಸೆಲ್ವಿನ್ನನ ಚಮಚ ಹದಿನೇಳು ಸಲ ಬಾರಿಸಿತು. ಕುರ್ಚಿ ಹಿಡಿದುಕೊಂಡಳು. ಆದರೆ ಕೂರಲಿಲ್ಲ. ಮೀನು ಕಟ್ಟುವ ಕಾಗದದ ಮೇಲೆ ತನಗೆ ತಾನೇ ವಾರದ ಲೆಕ್ಕ ಬರೆದುಕೊಳ್ಳುತ್ತಿದ್ದಳು: ಈ ವಾರ ಒಬ್ಬರ ಮುಖ ನೋಡಿ ಮಾತಾಡಬೇಕು. ಮುಂದಿನ ವಾರ ಇಬ್ಬರ ಮುಖ. ಅದರ ಮುಂದಿನ ವಾರ ಹಾಳೆ ಇಲ್ಲದೆ ಎರಡು ನಿಮಿಷ. ಮಾರ್ಚಿಗೆ ಹಸಿರು ದೀಪದ ತನಕ ಬಂದಳು, ಚಮಚ ಆರಕ್ಕೆ ಇಳಿಯಿತು. ಸೆಲ್ವಿನ್ ಒಂದು ದಿನ ಮಾರುಕಟ್ಟೆಗೆ ಹೋಗಿ ಕ್ಷಮೆ ಕೇಳಿದನಂತೆ. ಅವಳು ಚಾಕು ಒರೆಸುತ್ತಾ "ಮೊದ್ಲು ರಮ್ ಅಂಗಡಿಲಿ ಹೋಗಿ ಅದೆಲ್ಲ ಸುಳ್ಳು ಅಂತ ಹೇಳು, ಆಮೇಲೆ ಬಾ" ಅಂದಳಂತೆ. ಅವನು ಹೋಗಿ ಹೇಳಿದ, ಯಾರೂ ನಂಬಲಿಲ್ಲ.

ಡಬ್ಬಿಯನ್ನು ಮಾತ್ರ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಮೆಟ್ಟಿಲ ಮೇಲಿಟ್ಟು ಬರುವುದು, ಸಂಜೆ ಹೋಗಿ ಮುಟ್ಟದ ಡಬ್ಬಿ ತರುವುದು.

ಏಪ್ರಿಲ್‌ನಲ್ಲಿ ಅಪ್ಪನ ಬಗ್ಗೆ ಬರೆದದ್ದನ್ನು ಮೊದಲ ಸಲ ಓದಿದಳು. ನಮ್ಮಲ್ಲಿ ಪ್ರತಿ ಭಾಷಣಕ್ಕೂ ತಪ್ಪು ಒಪ್ಪು ಹೇಳುವವರು ಒಬ್ಬರಿರುತ್ತಾರೆ. ಆ ದಿನ ಸರದಿ ನನ್ನದು. ಅವಳು 'ಪ್ರೀತಿಯೇ ತುಂಬಿದ್ದ ತಂದೆ' ಎಂದಳು, 'ಎಂದೂ ಗದರದ ಮೃದು ಮನುಷ್ಯ' ಎಂದಳು.

ನಾನು ಎದ್ದು ನಿಂತೆ. "ಯೂರಲಿನ್, ಇದು ಯಾರಪ್ಪನ ಕತೆ? ಎಥೆಲ್ಬರ್ಟನದ್ದಾದ್ರೆ ಶವಪೆಟ್ಟಿಗೆಯಿಂದ ಅವನೇ ಎದ್ದು ಕೂತು 'ಇಲ್ಲ' ಅಂತಾನೆ."

"ನಿಜ ಹೇಳಿದ್ರೆ ಊರು ಏನನ್ನುತ್ತೆ, ಮಿಸ್ಟರ್ ಹಿಂಡ್ಸ್?"

"ಊರಿಗೆ ನಿಜ ಗೊತ್ತಿಲ್ವಾ? ನಿನ್ನ ಬಾಯಲ್ಲಿ ಒಂದು ಸಲ ಬರ್ಬೇಕು, ಅಷ್ಟೇ."

ಬಾಗಿಲು ಧಡಾರ್ ಎಂದು ಹಾಕಿಕೊಂಡು ಹೋದಳು. ಮುಂದಿನ ಮಂಗಳವಾರ ಐದೂವರೆಗೆ ಐದು ನಿಮಿಷ ಇರುವಾಗಲೇ ಬಂದಿದ್ದಳು.

ಜೂನ್ ತಿಂಗಳ ಮೂರನೇ ಮಂಗಳವಾರ ಪೂರ್ತಿ ಭಾಷಣ ಮಾಡುವುದೆಂದು ಗೊತ್ತಾಯಿತು. ಆ ದಿನ ಎಲ್ಲರೂ ಕೂತು, ಟೀಚರು ಗಂಟೆ ಬಾರಿಸಬೇಕು, ಅಷ್ಟರಲ್ಲಿ ಹೊರಗೆ ಕೋಲು ಊರುವ ಸದ್ದು. ಬಾಗಿಲಲ್ಲಿ ಎಥೆಲ್ಬರ್ಟ್. ಕಂದು ಕೋಟು, ಹ್ಯಾಟು. ಸಾವಿನ ಮನೆಗಳಿಗೆ ಮಾತ್ರ ಹಾಕಿಕೊಳ್ಳುವ ಕೋಟು ಅದು.

"ಇವತ್ತು ಇಲ್ಲಿ ಯಾರದೋ ಸಾವಿನ ಭಾಷಣ ಅಂತ ಕೇಳಿದೆ," ಎಂದ. "ನಂದೇ ಅಂತೆ. ಕೇಳ್ಕೊಂಡು ಹೋಗೋಣ ಅಂತ ಬಂದೆ."

ಮುದುಕ ಮುಂದಿನ ಸಾಲಿಗೆ ಬಂದು ಕೂತ, ಕೋಲನ್ನು ಮಂಡಿಗಳ ನಡುವೆ ನೆಟ್ಟುಕೊಂಡ. ತಿಂಗಳುಗಟ್ಟಲೆ ಬಿಸ್ಕತ್ತು, ಅಂಗಡಿಯ ತಗಡು ಡಬ್ಬದ ಮೀನು ತಿಂದು ಕೆನ್ನೆ ಒಳಕ್ಕೆ ಹೋಗಿತ್ತು. ಟೀಚರು ಯೂರಲಿನ್ನಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಇವತ್ತು ಬೇಡಮ್ಮ. ಬೇರೆ ದಿನ ಇಟ್ಕೊಳ್ಳೋಣ."

ಅವಳು ಮುಂದೆ ಹೋಗಿ ನಿಂತಳು.

ಮೊದಲ ಮಾತು ಬಿದ್ದ ಮೇಲೆಯೇ ನಾನು ಗಡಿಯಾರ ಒತ್ತಬೇಕು. ಬೆರಳು ಗುಂಡಿಯ ಮೇಲಿತ್ತು, ಮಾತು ಬರಲಿಲ್ಲ. ಅವಳ ತುಟಿ ಅಲುಗಿತು. ಅಪ್ಪ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಸೆಲ್ವಿನ್ನನ ಚಮಚ ಗಾಳಿಯಲ್ಲೇ ನಿಂತಿತ್ತು. ಗೋಡೆಯ ಗಡಿಯಾರದಲ್ಲಿ ಒಂದು ನಿಮಿಷ ದಾಟಿತು. ಅಯ್ಯೋ ದೇವರೇ, ಮತ್ತೆ ಅದೇ ಆಯಿತಲ್ಲ. ಓಡಿಹೋಗುತ್ತಾಳೆ ಎಂದೇ ಅಂದುಕೊಂಡೆ.

"ಎಥೆಲ್ಬರ್ಟ್ ಗಿಟನ್ಸ್ ಒಳ್ಳೆ ಮೀನುಗಾರ, ಕಷ್ಟದ ಮನುಷ್ಯ," ಎಂದಳು. ನಾನು ಗುಂಡಿ ಒತ್ತಿದೆ.

ಅವಳಿಗೆ ಆರು ವರ್ಷವಿದ್ದಾಗ, ಜ್ವರ ಬಂದ ರಾತ್ರಿ, ಬಿರುಗಾಳಿಯಲ್ಲಿ ಆರು ಮೈಲಿ ನಡೆದು ಡಾಕ್ಟರನ್ನು ಎಳೆದುಕೊಂಡು ಬಂದ ಅಪ್ಪನ ಬಗ್ಗೆ ಹೇಳಿದಳು. ಚಾಕು ಹಿಡಿಯಲು ಕಲಿಸಿದ್ದು, ಕೈ ಕೊಯ್ದುಕೊಂಡಾಗ ಬೈದದ್ದು, ಬೈದು ಆಮೇಲೆ ಬಟ್ಟೆ ಕಟ್ಟಿದ್ದು. ಹಸಿರು ದೀಪ ಹತ್ತಿತು. ಆಮೇಲೆ ಸಮಾಧಿಯ ಮಾತಿಗೆ ಬಂದಳು. ದನಿ ಇಳಿಯಿತು, ನಿಲ್ಲಲಿಲ್ಲ.

"ಅಮ್ಮ ಕೇಳಿದ ಒಂದೇ ಒಂದು ಕೆಲಸ ನನ್ನಿಂದ ಆಗಲಿಲ್ಲ. ಅದಕ್ಕೆ ಅಪ್ಪ ನನ್ನ ಜೊತೆ ಹನ್ನೊಂದು ವರ್ಷ ಮಾತು ಬಿಟ್ರು. ನಾನು ಎದುರು ಬಂದ್ರೆ ರಸ್ತೆ ದಾಟೋರು. ನಾನು ಊಟ ತಗೊಂಡು ಹೋದ ದಿನ ಮಾತಾಡಿಸಿದ್ರು. ಅವರ ಮೇಲೆ ನಂಗೆ ಸಿಟ್ಟಿದೆ. ಅವರು ಇಲ್ದೇ ಇರೋ ದಿನಾನ ನೆನೆಸ್ಕೊಳ್ಳೋಕೂ ನನ್ನಿಂದ ಆಗಲ್ಲ. ಎರಡೂ ನಿಜ."

ಆರು ನಿಮಿಷ ನಲವತ್ತು ಸೆಕೆಂಡು. ಚಮಚ ಒಂದು ಸಲವೂ ಬಾರಿಸಲಿಲ್ಲ. ಬಾರಿಸಬೇಕಿತ್ತೋ ಏನೋ, ಸೆಲ್ವಿನ್ ಕಣ್ಣೊರೆಸಿಕೊಳ್ಳುತ್ತಿದ್ದ. ಚಪ್ಪಾಳೆ ಹೊಡೆಯಲು ಯಾರಿಗೂ ಕೈ ಬರಲಿಲ್ಲ.

ಎಥೆಲ್ಬರ್ಟ್ ಕೋಲು ಎತ್ತಿದ. "ಭಾಷಣ ಆದ್ಮೇಲೆ ಇಲ್ಲಿ ತಪ್ಪು ಹೇಳ್ತಾರಂತಲ್ಲ. ನಾನು ಹೇಳ್ತೀನಿ."

ಟೀಚರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಹನ್ನೊಂದಲ್ಲ," ಎಂದ ಮುದುಕ, ಕೂತಲ್ಲಿಂದಲೇ. "ಹನ್ನೆರಡು. ನೀನು ಊಟ ತರೋಕೆ ಶುರು ಮಾಡಿದ ಮೊದಲನೇ ವರ್ಷಾನೂ ನಾನು ಬಾಯಿ ಬಿಟ್ಟಿಲ್ಲ. ನನ್ನ ಮಾನ ಉಳಿಸೋಕೆ ಒಂದು ವರ್ಷ ನುಂಗಬೇಡ. ಹೇಳೋದಾದ್ರೆ ಪೂರ್ತಿ ಹೇಳು."

"ಆಯ್ತು ಅಪ್ಪ. ಹನ್ನೆರಡು."

"ಇನ್ನೊಂದು ತಪ್ಪಿದೆ. ಅದು ನಿಂಗೆ ಗೊತ್ತಿಲ್ಲ." ಅವನು ಹ್ಯಾಟು ತೆಗೆದು ಮಂಡಿಯ ಮೇಲಿಟ್ಟುಕೊಂಡ. "ನಿನ್ನಮ್ಮ ನಿನ್ನ ಹೆಸರು ಹೇಳಲಿಲ್ಲ. 'ಎಥೆಲ್, ನೀನೇ ಮಾತಾಡಬೇಕು, ಬೇರೆ ಯಾರೂ ಬೇಡ' ಅಂದ್ಲು. ಹಾಳೆ ನಾನೇ ಬರೆಸಿದ್ದೆ. ಚರ್ಚಿನ ಬಾಗಿಲಿಗೆ ಬಂದೆ, ಕಾಲು ಮುಂದಕ್ಕೆ ಬರಲಿಲ್ಲ. ಸಮುದ್ರದಲ್ಲಿ ನಲವತ್ತು ವರ್ಷ ಹೆದರದವನು, ಆ ಜನಾನ ನೋಡಿ ಹೆದರಿಬಿಟ್ಟೆ. ನಿನ್ನ ಕೈಗೆ ತುರುಕಿದೆ. ಅಮ್ಮನ ಆಸೆ ಅಂತ ಸುಳ್ಳು ಹೇಳಿದೆ. ಈಗ ಊಟ ಬಿಟ್ಟಿದ್ದೂ ವಿಷ ಹಾಕ್ತೀಯ ಅಂತಲ್ಲ, ಥೂ, ಆ ಬೇವರ್ಸಿಗಳ ಮಾತು ಯಾರು ನಂಬ್ತಾರೆ. ನೀನು ನನಗೋಸ್ಕರ ಮಾತು ಕಲೀತಿದೀಯ ಅಂದಾಗಿಂದ ನಿನ್ನ ಮುಖ ನೋಡೋಕಾಗ್ಲಿಲ್ಲ."

ಯೂರಲಿನ್ ಅಳುತ್ತಾಳೆ, ಓಡಿಬಂದು ತಬ್ಬಿಕೊಳ್ಳುತ್ತಾಳೆ ಎಂದು ಕಾಯುತ್ತಿದ್ದೆವು, ನಾವು ಪೆದ್ದರು. ಅವಳ ಮುಖ ಕಲ್ಲಾಯಿತು. ಹದಿನಾಲ್ಕು ವರ್ಷ ಹೊತ್ತ ಪಾಪ ತನ್ನದಲ್ಲ ಎಂದು ಗೊತ್ತಾದವಳಿಗೆ ಮೊದಲು ಬರುವುದು ಸಿಟ್ಟು, ಬರಲೇಬೇಕು.

"ಸಮಾಧಿ ಹತ್ರ ಊರೆಲ್ಲ ಕೇಳೋ ಹಾಗೆ ಬೈದ್ರಿ, ಅಪ್ಪ," ಎಂದಳು. "ಇದನ್ನ ಹದಿನಾರು ಜನಕ್ಕೆ ಹೇಳಿ ಮುಗಿಸ್ತೀರಾ? ಭಾನುವಾರ ಚರ್ಚಲ್ಲಿ ಹೇಳಿ. ಅವತ್ತು ನಾನು ನಿಂತಿದ್ದ ಜಾಗದಲ್ಲೇ ನಿಂತು."

"ನನ್ನಿಂದ ಆಗಲ್ಲ ಮಗಳೇ."

"ನನ್ನಿಂದಾನೂ ಆಗ್ತಿರಲಿಲ್ಲ."

ಭಾನುವಾರ ಚರ್ಚಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಸೆಲ್ವಿನ್ನನ ಬಾಯಿ ಒಂದು ಸಲವಾದರೂ ಒಳ್ಳೆಯದಕ್ಕೆ ಉಪಯೋಗಕ್ಕೆ ಬಂತು. ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ಹೆಸರು ಕರೆದರು. ಎಂಬತ್ನಾಲ್ಕು ವರ್ಷದ ಎಥೆಲ್ಬರ್ಟ್ ಕೋಲೂರಿಕೊಂಡು ಎರಡು ಮೆಟ್ಟಿಲು ಹತ್ತಿ, ಓದುವ ಪೀಠವನ್ನು ಎರಡೂ ಕೈಯಿಂದ ಹಿಡಿದು ನಿಂತ.

ಬಾಯಿ ತೆರೆದ. ಮಾತು ಬರಲಿಲ್ಲ.

ಒಂದು ನಿಮಿಷ. ಎರಡು. ಹಿಂದೆ ಯಾರೋ ಕೆಮ್ಮಿದರು, ಯಾರೋ ಕಿಸಕ್ಕೆಂದರು. ಹಣೆಯಿಂದ ಬೆವರು ಅವನ ಕೋಟಿನ ಮೇಲೆ ಬಿತ್ತು. ಮೂರು ನಿಮಿಷ. ಅವನ ಕಣ್ಣು ಪಕ್ಕದ ಬಾಗಿಲ ಕಡೆ ತಿರುಗಿತು. ಪಾದ್ರಿಗಳು ಏಳಲು ಹೊರಟರು.

ಅವರಿಗಿಂತ ಮೊದಲು ಯೂರಲಿನ್ ಎದ್ದಳು. ಅಪ್ಪನ ಬದಲು ತಾನೇ ಮಾತಾಡುತ್ತಾಳೆ ಎಂದು ಎಲ್ಲರೂ ಅಂದುಕೊಂಡೆವು. ಅವಳು ಮೆಟ್ಟಿಲು ಹತ್ತಲಿಲ್ಲ. ಕೆಳಗೆ, ಅವನ ನೇರ ಎದುರಿಗೆ, ಅವನಿಗೆ ಕಾಣುವಂತೆ ನಿಂತಳು.

"ಅಪ್ಪ, ಅವರ್ಯಾರನ್ನೂ ನೋಡಬೇಡಿ," ಎಂದಳು. ಇಡೀ ಚರ್ಚಿಗೆ ಕೇಳಿಸಿತು. "ನನ್ನೊಬ್ಬಳನ್ನೇ ನೋಡಿ ಹೇಳಿ. ನಂಗೇನೂ ಅವಸರ ಇಲ್ಲ."

ಮುದುಕ ಅವಳನ್ನು ನೋಡಿದ.

"ಅಯಾಂತಿ ಕೇಳಿದ್ದು ನನ್ನನ್ನ," ಎಂದ. "ಹೆದರಿದೋನು ನಾನು. ಬೈಸ್ಕೊಂಡೋಳು ಇವಳು."